ಹತ್ತಿ ಬಿಡಿಸಿದವರು ತಮ್ಮನ್ನು ಬಿಡಿಸಿಕೊಂಡದ್ದು

ಅಮೆರಿಕದ ಅಂತರ್ಯುದ್ಧ ನಡೆದದ್ದು ನಾಲ್ಕು ವರ್ಷ. ಅದರ ಬಗ್ಗೆ ಬರೆಯುವವರ ಯುದ್ಧ ನೂರಾ ಅರವತ್ತು ವರ್ಷ ಕಳೆದರೂ ನಿಂತಿಲ್ಲ. 1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ಗುಂಡು ಬಿದ್ದಾಗಿನಿಂದ 1865ರಲ್ಲಿ ದಕ್ಷಿಣದ ಸೇನೆಗಳು ಶರಣಾಗುವ ತನಕ ಸತ್ತ ಸೈನಿಕರು 6,20,000 ಅಂತ ಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. 2011ರಲ್ಲಿ ಡೇವಿಡ್ ಹ್ಯಾಕರ್ ಎಂಬ ಇತಿಹಾಸಕಾರ ಜನಗಣತಿಯ ಕಡತಗಳನ್ನು ತಿರುವಿಹಾಕಿ, ಇಲ್ಲ, ಅದು 7,50,000ದ ಹತ್ತಿರ ಇರಬೇಕು ಅಂದ. ಸತ್ತವರನ್ನು ಎಣಿಸುವುದರಲ್ಲಿ ಇಷ್ಟು ಶ್ರದ್ಧೆ ಇದೆ. ಒಳ್ಳೇದೇ. ಆದರೆ ಯುದ್ಧ ಶುರುವಾದಾಗ ಆ ದೇಶದಲ್ಲಿ ಸುಮಾರು 40 ಲಕ್ಷ ಗುಲಾಮರು ಬದುಕಿದ್ದರು. ಆ ನಾಲ್ಕು ವರ್ಷ ಅವರು ಏನು ಮಾಡುತ್ತಿದ್ದರು? ಕೈಕಟ್ಟಿ ಕೂತು ಲಿಂಕನ್ ಯಾವಾಗ ಬರ್ತಾನೆ ಅಂತ ದಾರಿ ಕಾಯುತ್ತಿದ್ದರೆ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳುವುದಕ್ಕೆ ಆ ದೇಶದ ವಿಶ್ವವಿದ್ಯಾಲಯಗಳಿಗೆ ಹೆಚ್ಚುಕಡಿಮೆ ನೂರು ವರ್ಷ ಬೇಕಾಯಿತು.

ಈ ಬರಹಗಳನ್ನು ಅಳೆಯಲು ನನ್ನ ಹತ್ತಿರ ಇರುವುದು ಹೈಸ್ಕೂಲಿನ ವ್ಯಾಕರಣದ ಒಂದು ಗೇಣುಕೋಲು. ಕರ್ತೃ, ಕರ್ಮ, ಕ್ರಿಯಾಪದ. ಮೂರು ವಾಕ್ಯ ತಗೊಳ್ಳಿ. ‘ಲಿಂಕನ್ ಗುಲಾಮರನ್ನು ಬಿಡಿಸಿದ.’ ಇಲ್ಲಿ ಗುಲಾಮರು ದ್ವಿತೀಯಾ ವಿಭಕ್ತಿಯಲ್ಲಿ ಮುದುರಿ ಕೂತಿದ್ದಾರೆ. ‘ಗುಲಾಮರಿಗೆ ಬಿಡುಗಡೆಯಾಯಿತು.’ ಇಲ್ಲಿ ಬಿಡುಗಡೆ ಮಳೆಯ ಹಾಗೆ ಮೇಲಿಂದ ಬಿತ್ತು, ಸುರಿಸಿದವರೂ ಇಲ್ಲ, ದುಡಿದವರೂ ಇಲ್ಲ. ‘ಗುಲಾಮರು ತಮ್ಮನ್ನು ಬಿಡಿಸಿಕೊಂಡರು.’ ಈ ‘ಕೊಳ್ಳು’ ಅನ್ನುವ ಪುಟ್ಟ ಕ್ರಿಯಾಪದದಲ್ಲಿ ಒಂದು ಇಡೀ ಇತಿಹಾಸ ಇದೆ. ಜನಪ್ರಿಯ ಪುಸ್ತಕವಾಗಲಿ, ಅಡಿಟಿಪ್ಪಣಿ ತುಂಬಿದ ಪಂಡಿತರ ಪುಸ್ತಕವಾಗಲಿ, ಈ ಮೂರರಲ್ಲಿ ಯಾವ ವಾಕ್ಯ ಬರೆಯುತ್ತದೆ ಅಂತ ನೋಡಿದರೆ ಅದು ಯಾರ ಪರ ಅನ್ನೋದು ಗೊತ್ತಾಗುತ್ತದೆ.

1

ಮೊದಲು ಸೋತವರ ಬರಹ. ಗೆದ್ದವರೇ ಇತಿಹಾಸ ಬರೆಯುತ್ತಾರೆ ಅನ್ನುವ ಗಾದೆಯಂಥ ಮಾತಿದೆಯಲ್ಲ, ಅಮೆರಿಕದಲ್ಲಿ ಅದು ತಲೆಕೆಳಗಾಯಿತು. ಯುದ್ಧದಲ್ಲಿ ಸೋತ ಗುಲಾಮದೊರೆಗಳು ಪುಸ್ತಕದಲ್ಲಿ ಗೆದ್ದರು.

ಅಲೆಕ್ಸಾಂಡರ್ ಸ್ಟೀಫನ್ಸ್ ದಕ್ಷಿಣದ ಬಂಡುಕೋರ ಸರ್ಕಾರದ ಉಪಾಧ್ಯಕ್ಷ. 1861ರ ಮಾರ್ಚ್‌ನಲ್ಲಿ ಸವಾನಾ ಊರಿನಲ್ಲಿ ನಿಂತು, ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಕಪ್ಪು ಮನುಷ್ಯ ಬಿಳಿಯನಿಗೆ ಸಮನಲ್ಲ ಎಂಬ ಸತ್ಯ ಅಂತ ಯಾವ ಮುಚ್ಚುಮರೆ ಇಲ್ಲದೆ ಭಾಷಣ ಮಾಡಿದ. ಯುದ್ಧ ಸೋತ ಮೇಲೆ, 1868ರಿಂದ 1870ರ ನಡುವೆ, ಅದೇ ಮನುಷ್ಯ ಎರಡು ದಪ್ಪ ಸಂಪುಟ ಬರೆದ. ಈಗ ಅವನ ವಾದ ಬೇರೆ: ಜಗಳ ಗುಲಾಮಗಿರಿಯದ್ದಲ್ಲ, ರಾಜ್ಯಗಳ ಹಕ್ಕು ಮತ್ತು ಕೇಂದ್ರದ ಅಧಿಕಾರದ್ದು. 1866ರಲ್ಲೇ ಎಡ್ವರ್ಡ್ ಪೊಲಾರ್ಡ್ ಎಂಬ ಪತ್ರಕರ್ತ ಈ ಪಂಥಕ್ಕೆ ಹೆಸರು ಕೊಟ್ಟಿದ್ದ, ‘ದಿ ಲಾಸ್ಟ್ ಕಾಸ್’, ಕಳೆದುಹೋದ ಧ್ಯೇಯ. ಬಂಡುಕೋರ ಅಧ್ಯಕ್ಷ ಜೆಫರ್ಸನ್ ಡೇವಿಸ್ 1881ರಲ್ಲಿ ತನ್ನದೂ ಎರಡು ಸಂಪುಟ ಸೇರಿಸಿದ. ಧ್ಯೇಯ ಅಂತೆ! ಮನುಷ್ಯರನ್ನು ಸಂತೆಯಲ್ಲಿ ಹಲ್ಲು ನೋಡಿ ಮಾರುವುದು ಧ್ಯೇಯವಾಯಿತು.

ಇದು ಮುದುಕರ ಗೊಣಗಾಟವಾಗಿ ಉಳಿದಿದ್ದರೆ ಸರಿಹೋಗುತ್ತಿತ್ತು. ಅದು ಶಾಲೆಗೆ ಹೋಯಿತು. ಮೇಷ್ಟ್ರುಗಳು ಇದನ್ನು ಗಮನಿಸಬೇಕು. 1894ರಲ್ಲಿ ದಕ್ಷಿಣದ ಮೇಲುವರ್ಗದ ಹೆಂಗಸರು ‘ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ’ ಅಂತ ಸಂಘ ಕಟ್ಟಿದರು. ಅದರ ಇತಿಹಾಸಕಾರ್ತಿಯಾಗಿದ್ದ ಮಿಲ್ಡ್ರೆಡ್ ರುದರ್‌ಫರ್ಡ್ 1919ರ ಸುಮಾರಿಗೆ ಪಠ್ಯಪುಸ್ತಕಗಳಿಗೆ ಒಂದು ಅಳತೆಗೋಲನ್ನೇ ಅಚ್ಚು ಹಾಕಿಸಿದಳು. ದಕ್ಷಿಣ ಗುಲಾಮರನ್ನು ಇಟ್ಟುಕೊಳ್ಳಲು ಹೋರಾಡಿತು ಅಂತ ಹೇಳುವ ಪುಸ್ತಕ ಬೇಡ, ಒಡೆಯರು ಕ್ರೂರಿಗಳಾಗಿದ್ದರು ಅನ್ನುವ ಪುಸ್ತಕ ಬೇಡ, ಹೀಗೆ ಪಟ್ಟಿ. ಶಾಲಾ ಮಂಡಳಿಗಳು ಹೆದರಿದವು, ಪ್ರಕಾಶಕರು ಬಗ್ಗಿದರು. ದಕ್ಷಿಣದ ಮಕ್ಕಳು ತಲೆಮಾರುಗಟ್ಟಲೆ ಓದಿದ್ದು ಸೋತವರ ಪಾಠವನ್ನು.

2

ಇಂಥ ಸುಳ್ಳನ್ನು ತಡೆಯುವುದು ವಿದ್ವಾಂಸರ ಕೆಲಸ ಅಂತ ನಾವು ತಿಳಿದುಕೊಂಡಿದ್ದೇವೆ. ನಡೆದದ್ದು ಬೇರೆ. ಸುಳ್ಳಿಗೆ ಅಡಿಟಿಪ್ಪಣಿ ಒದಗಿಸಿದವರೇ ವಿದ್ವಾಂಸರು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡನ್ನಿಂಗ್ ಎಂಬ ಪ್ರೊಫೆಸರ್ ಇದ್ದ. ಯುದ್ಧಾನಂತರದ ಪುನರ್ರಚನೆಯ ಕಾಲವನ್ನು ಅವನ ಶಿಷ್ಯರು ರಾಜ್ಯ ರಾಜ್ಯವಾಗಿ ಹಂಚಿಕೊಂಡು ಗ್ರಂಥ ಬರೆದರು. ಅವರ ಒಟ್ಟು ತೀರ್ಪು: ಕಪ್ಪು ಜನರಿಗೆ ಮತದ ಹಕ್ಕು ಕೊಟ್ಟದ್ದೇ ತಪ್ಪು. ಹಕ್ಕು ಕಿತ್ತುಕೊಂಡ ಹಿಂಸೆಗಿಂತ ಹಕ್ಕು ಕೊಟ್ಟ ಕಾನೂನು ಅವರಿಗೆ ದೊಡ್ಡ ಅನಾಹುತವಾಗಿ ಕಂಡಿತು. ಕಡತ ನೋಡಿದ್ದರು, ದಿನಾಂಕ ಸರಿಯಾಗಿ ಹಾಕಿದ್ದರು, ಭಾಷೆ ಗಂಭೀರವಾಗಿತ್ತು. ನೋಡಿದ ಕಡತ ಮಾತ್ರ ಒಡೆಯರ ಕಡತ. 1913ರಿಂದ 1916ರವರೆಗೆ ಅದೇ ಕೊಲಂಬಿಯಾದಲ್ಲಿ ನಮ್ಮ ಅಂಬೇಡ್ಕರ್ ವಿದ್ಯಾರ್ಥಿಯಾಗಿದ್ದರು. ಡನ್ನಿಂಗ್ ಆಗ ಅಲ್ಲಿ ಪಾಠ ಹೇಳುತ್ತಿದ್ದ. ನಮಗೆ ಬಾಗಿಲು ತೆರೆದ ವಿಶ್ವವಿದ್ಯಾಲಯದ ಗೋಡೆಯೊಳಗೇ ಇನ್ನೊಂದು ಜನರ ಬಾಗಿಲು ಮುಚ್ಚುವ ಇತಿಹಾಸ ತಯಾರಾಗುತ್ತಿತ್ತು. ದೊಡ್ಡ ವಿದ್ಯಾಸಂಸ್ಥೆ ಅಂದ ತಕ್ಷಣ ಕೈಮುಗಿಯುವ ನಮ್ಮ ಹುಡುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ಪಂಡಿತರಿಗೂ ಬಯಲಾಟದವರಿಗೂ ನಡುವೆ ಸಂಬಂಧ ಇಲ್ಲ ಅಂತಲೂ ತಿಳಿಯಬೇಡಿ. ವುಡ್ರೋ ವಿಲ್ಸನ್ ಅಧ್ಯಕ್ಷನಾಗುವ ಮೊದಲು ಇತಿಹಾಸದ ಪ್ರೊಫೆಸರ್. 1902ರಲ್ಲಿ ಅಮೆರಿಕದ ಜನರ ಇತಿಹಾಸ ಬರೆದ. ಅವನ ಸಹಪಾಠಿಯಾಗಿದ್ದ ಥಾಮಸ್ ಡಿಕ್ಸನ್ 1905ರಲ್ಲಿ ಕು ಕ್ಲಕ್ಸ್ ಕ್ಲಾನ್‌ನ ಕೊಲೆಗಡುಕರನ್ನು ವೀರರನ್ನಾಗಿ ಮಾಡಿ ಕಾದಂಬರಿ ಬರೆದ. ಅದರಿಂದ ಗ್ರಿಫಿತ್ 1915ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಸಿನಿಮಾ ತೆಗೆದ. ಸಿನಿಮಾದ ಪರದೆಯ ಮೇಲೆ ವಿಲ್ಸನ್ನನ ಪುಸ್ತಕದ ಮಾತುಗಳು ಪ್ರಮಾಣವಾಗಿ ಬಂದವು. ಅಧ್ಯಕ್ಷ ವಿಲ್ಸನ್ನನ ಶ್ವೇತಭವನದಲ್ಲೇ ಅದರ ಪ್ರದರ್ಶನವಾಯಿತು. ಅದೇ ವರ್ಷ ಸತ್ತುಹೋಗಿದ್ದ ಕ್ಲಾನ್ ಜಾರ್ಜಿಯಾದ ಸ್ಟೋನ್ ಮೌಂಟನ್ ಬೆಟ್ಟದ ಮೇಲೆ ಮತ್ತೆ ಹುಟ್ಟಿತು. ಪ್ರೊಫೆಸರನ ವಾಕ್ಯ ಕಾದಂಬರಿಯ ಜೊತೆ ಸೇರಿ, ಕಾದಂಬರಿ ಸಿನಿಮಾ ಆಗಿ, ಸಿನಿಮಾ ನೋಡಿದವರು ಮುಸುಕು ಹಾಕಿಕೊಂಡು ಕುದುರೆ ಹತ್ತಿದರು. ಬರವಣಿಗೆಯಿಂದ ಏನೂ ಆಗುವುದಿಲ್ಲ ಅನ್ನುವ ಕಲಾವಾದಿಗಳಿಗೆ ಇದನ್ನು ತೋರಿಸಿ.

3

‘ಗಾನ್ ವಿತ್ ದಿ ವಿಂಡ್’ ಬಗ್ಗೆ ಎರಡು ಮಾತು. ಮಾರ್ಗರೆಟ್ ಮಿಚೆಲ್ 1936ರಲ್ಲಿ ಬರೆದ ಕಾದಂಬರಿ, 1937ರಲ್ಲಿ ಪುಲಿಟ್ಜರ್ ಬಹುಮಾನ, 1939ರಲ್ಲಿ ಸಿನಿಮಾ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ, ಇಂಗ್ಲಿಷ್ ಕಾದಂಬರಿ ಅಂದ್ರೆ ಡಿಕ್ಷನರಿ ಪಕ್ಕ ಇಟ್ಟುಕೊಂಡು ಗುದ್ದಾಡುವವನು. ಅಂಥ ನನ್ನನ್ನೂ ಈ ಪುಸ್ತಕ ಕೆಳಗಿಡಲು ಬಿಡಲಿಲ್ಲ. ಹಸಿದ ಹೆಣ್ಣೊಬ್ಬಳು ನೆಲವನ್ನು ಕಚ್ಚಿ ಹಿಡಿಯುವ ಕಥೆ ಅದು, ನೆಲ ಇಲ್ಲದವರಿಗೆ ಇನ್ನೂ ಜಾಸ್ತಿ ನಾಟುತ್ತದೆ. ಇದೇ ಅದರ ಅಪಾಯ. ಅಷ್ಟು ದೊಡ್ಡ ಕಾದಂಬರಿಯಲ್ಲಿ ನಾಯಕಿಯನ್ನು ಎತ್ತಿ ಆಡಿಸಿ ಬೆಳೆಸಿದ ಕಪ್ಪು ಹೆಂಗಸಿಗೆ ‘ಮ್ಯಾಮಿ’ ಅನ್ನುವ ಕರೆಯೇ ಹೆಸರು. ಅವಳಿಗೆ ಗಂಡ ಇದ್ದನೆ, ಮಕ್ಕಳಿದ್ದರೆ, ಅವರನ್ನು ಯಾರು ಕೊಂಡರು, ಬಿಡುಗಡೆ ಸುದ್ದಿ ಕೇಳಿದ ರಾತ್ರಿ ಅವಳು ನಿದ್ದೆ ಮಾಡಿದಳೆ, ಪುಸ್ತಕಕ್ಕೆ ಬೇಕಾಗಿಲ್ಲ. ಆ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. ಅಟ್ಲಾಂಟಾದ ಮೊದಲ ಪ್ರದರ್ಶನದಲ್ಲಿ ಆಕೆ ಇರಲಿಲ್ಲ, ಊರು ಬಣ್ಣಭೇದದ ಊರು. 1940ರಲ್ಲಿ ಬಹುಮಾನ ಕೊಟ್ಟ ರಾತ್ರಿಯೂ ಆಕೆಗೆ ಹಾಕಿದ್ದು ಬೇರೆ ಮೇಜು. ಕಥೆಯೊಳಗೆ ಹಜಾರದಲ್ಲಿ ನಿಲ್ಲಿಸಿದವಳನ್ನು ಕಥೆಯ ಹೊರಗೂ ಹಜಾರದಲ್ಲೇ ಕೂರಿಸಿದರು.

ಹಾಗಾದರೆ ಕಾದಂಬರಿ ಅನ್ನೋದೇ ಕೆಟ್ಟದ್ದಾ? ಇಲ್ಲ. ಮಾರ್ಗರೆಟ್ ವಾಕರ್ ಎಂಬ ಕಪ್ಪು ಕವಯಿತ್ರಿ ಅಜ್ಜಿಯ ಬಾಯಿಂದ ಕೇಳಿದ ಮುತ್ತಜ್ಜಿಯ ಬದುಕನ್ನು ಇಟ್ಟುಕೊಂಡು 1966ರಲ್ಲಿ ‘ಜುಬಿಲಿ’ ಬರೆದಳು. ಯುದ್ಧ ಅದೇ, ಜಾರ್ಜಿಯಾ ಅದೇ, ಆದರೆ ಅಡಿಗೆಮನೆಯಲ್ಲಿರುವವಳೇ ಕಥೆಯ ಯಜಮಾನಿ.

ಇನ್ನು ಯುದ್ಧರಸಿಕರ ಸಾಲು. ಇವರಲ್ಲಿ ದೊಡ್ಡವನು ಶೆಲ್ಬಿ ಫುಟ್. 1958, 1963, 1974ರಲ್ಲಿ ಮೂರು ಸಂಪುಟ, ಹತ್ತಿರ ಹತ್ತಿರ ಮೂರು ಸಾವಿರ ಪುಟ, ಅಡಿಟಿಪ್ಪಣಿ ಇಲ್ಲ. ಗದ್ಯ ಮಾತ್ರ ಹೊಳೆಯ ಹಾಗೆ ಹರಿಯುತ್ತದೆ. ಸೇನಾಪತಿಯ ಕೆಮ್ಮು, ಕುದುರೆಯ ಬಣ್ಣ, ಮಳೆಯಲ್ಲಿ ಹೂತ ಗಾಡಿ, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಇತಿಹಾಸ ಬರೆಯುವವರು ಅವನಿಂದ ಕಲಿಯಬೇಕಾದ್ದು ಇದೆ. 1990ರಲ್ಲಿ ಕೆನ್ ಬರ್ನ್ಸ್ ಒಂಬತ್ತು ಕಂತಿನ ಟೆಲಿವಿಷನ್ ಸಾಕ್ಷ್ಯಚಿತ್ರ ಮಾಡಿದಾಗ ಅದರ ಮುಖ್ಯ ಕಥೆಗಾರ ಫುಟ್. ಸುಮಾರು 4 ಕೋಟಿ ಜನ ನೋಡಿದರು. ಅದರಲ್ಲಿ ಫುಟ್ ಎರಡು ಮಾತು ಹೇಳುತ್ತಾನೆ: ನಮ್ಮವರು ರಾಜಿ ಮಾಡಿಕೊಳ್ಳಲು ಸೋತದ್ದರಿಂದ ಯುದ್ಧವಾಯಿತು; ಆ ಯುದ್ಧ ಕೊಟ್ಟ ಇಬ್ಬರು ನಿಜವಾದ ಪ್ರತಿಭಾವಂತರು ಲಿಂಕನ್ ಮತ್ತು ನೇಥನ್ ಬೆಡ್‌ಫರ್ಡ್ ಫಾರೆಸ್ಟ್.

ಫಾರೆಸ್ಟ್ ಯಾರು? ಮೆಂಫಿಸ್ ಊರಿನ ಗುಲಾಮರ ವ್ಯಾಪಾರಿ. 1864ರ ಏಪ್ರಿಲ್ 12ರಂದು ಪಿಲ್ಲೋ ಕೋಟೆಯಲ್ಲಿ ಶರಣಾಗುತ್ತಿದ್ದ ಕಪ್ಪು ಸೈನಿಕರನ್ನು ಕೊಚ್ಚಿಹಾಕಿದ ಪಡೆಯ ದಂಡನಾಯಕ. ಯುದ್ಧದ ಮೇಲೆ ಕ್ಲಾನ್‌ನ ಮೊದಲ ಮಹಾಗುರು. ಕುದುರೆ ಓಡಿಸುವ ಅವನ ಚಾತುರ್ಯವನ್ನು ವರ್ಣಿಸುವಾಗ ಫುಟ್‌ನ ಲೇಖನಿಗೆ ರೆಕ್ಕೆ ಬರುತ್ತದೆ. ರಾಜಿ ಅನ್ನುವ ಮಾತನ್ನೂ ನೋಡಿ. ಯಾವುದರ ಮೇಲೆ ರಾಜಿ? ಮಾರಲ್ಪಡುವ ಮನುಷ್ಯನ ಮೈಮೇಲೆ ತಾನೆ? ಇಬ್ಬರು ಕೊಳ್ಳುವವರು ರಾಜಿಯಾದರೆ ಮಾರಾಟವಾಗುವವನಿಗೆ ಏನು ಸಿಕ್ಕಿತು? ಅದೇ ಸಾಕ್ಷ್ಯಚಿತ್ರದಲ್ಲಿ ಬಾರ್ಬರಾ ಫೀಲ್ಡ್ಸ್ ಎಂಬ ಕಪ್ಪು ಇತಿಹಾಸಕಾರ್ತಿಯೂ ಮಾತಾಡುತ್ತಾಳೆ. ಈ ಯುದ್ಧ ಇನ್ನೂ ನಡೆಯುತ್ತಿದೆ, ಇನ್ನೂ ಸೋಲಲೂಬಹುದು ಅನ್ನುತ್ತಾಳೆ. ಫುಟ್‌ಗೆ ಸಿಕ್ಕ ಹೊತ್ತಿನ ಸಣ್ಣ ಪಾಲು ಅವಳದ್ದು.

4

ಈಗ ಎದುರು ಬರಹ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಸ್ವತಃ ಸೈನಿಕನಾಗಿದ್ದ ಜಾರ್ಜ್ ವಾಷಿಂಗ್ಟನ್ ವಿಲಿಯಮ್ಸ್ 1887ರಲ್ಲೇ ಕಪ್ಪು ಪಡೆಗಳ ಚರಿತ್ರೆ ಬರೆದಿದ್ದ. ಭೂಸೇನೆಯಲ್ಲಿ ಸುಮಾರು 1,79,000 ಕಪ್ಪು ಸೈನಿಕರು, ನೌಕಾಸೇನೆಯಲ್ಲಿ ಇನ್ನೂ ಹತ್ತೊಂಬತ್ತು ಸಾವಿರದಷ್ಟು. ಬಿಳಿ ಸಿಪಾಯಿಗೆ ತಿಂಗಳಿಗೆ 13 ಡಾಲರ್, ಇವರಿಗೆ 10, ಅದರಲ್ಲೂ ಬಟ್ಟೆಗೆ ಅಂತ 3 ಕಡಿತ. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟು, ಹಾಗಿದ್ದರೆ ನಮಗೆ ಸಂಬಳವೇ ಬೇಡ ಅಂತ ಮುಟ್ಟದೆ ಹೋರಾಡಿತು. 1864ರ ಜೂನ್‌ನಲ್ಲಿ ಕಾಂಗ್ರೆಸ್ ಸಮಾನ ವೇತನಕ್ಕೆ ಮಣಿಯಿತು.

1902ರಲ್ಲಿ ಸೂಸಿ ಕಿಂಗ್ ಟೇಲರ್ ತನ್ನ ನೆನಪುಗಳನ್ನು ಬರೆದಳು. ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿ, ಕದ್ದುಮುಚ್ಚಿ ಅಕ್ಷರ ಕಲಿತು, ಹದಿನಾಲ್ಕನೇ ವಯಸ್ಸಿಗೆ ಬಿಡುಗಡೆ ಪಡೆದವರಿಗೆ ಶಾಲೆ ನಡೆಸಿದವಳು. ಕಪ್ಪು ರೆಜಿಮೆಂಟಿನ ಜೊತೆ ಬಟ್ಟೆ ಒಗೆದಳು, ಗಾಯ ಕಟ್ಟಿದಳು, ರಾತ್ರಿ ಸಿಪಾಯಿಗಳಿಗೆ ಓದು ಕಲಿಸಿದಳು. ಸಂಬಳ ಇಲ್ಲ. ಪುಸ್ತಕದ ಕೊನೆಗೆ, 1898ರಲ್ಲಿ ಸಾಯುತ್ತಿದ್ದ ಮಗನನ್ನು ಮನೆಗೆ ಕರೆತರಲು ರೈಲಿನಲ್ಲಿ ಮಲಗುವ ಜಾಗ ಸಿಗಲಿಲ್ಲ, ಬಣ್ಣದ ಕಾರಣಕ್ಕೆ. ಸಣ್ಣ ಪುಸ್ತಕ. ಅದನ್ನು ಪಕ್ಕಕ್ಕಿಟ್ಟು ಯುದ್ಧದ ಫಲ ಏನು ಅಂತ ಯಾರೂ ಬರೆಯಬಾರದು.

ಆಮೇಲೆ ಡುಬೊಯ್ಸ್. 1909ರಲ್ಲಿ ಇತಿಹಾಸಕಾರರ ಸಭೆಯಲ್ಲಿ ಡನ್ನಿಂಗ್ ಎದುರಿಗೇ ಪುನರ್ರಚನೆಯ ಒಳಿತುಗಳ ಬಗ್ಗೆ ಪ್ರಬಂಧ ಓದಿದವರು. ಅದು 1910ರಲ್ಲಿ ಅಚ್ಚಾಗುವಾಗ ನೀಗ್ರೋ ಎಂಬ ಪದವನ್ನು ದೊಡ್ಡಕ್ಷರದಿಂದ ಶುರುಮಾಡಿ ಅಂತ ಕೇಳಿಕೊಂಡರೆ ಸಂಪಾದಕ ಒಪ್ಪಲಿಲ್ಲ. ನಮ್ಮ ಕನ್ನಡದ ಅಕ್ಷರದಲ್ಲಿ ದೊಡ್ಡದು ಸಣ್ಣದು ಇಲ್ಲ, ಅಷ್ಟಾದರೂ ಪುಣ್ಯ. 1935ರಲ್ಲಿ ಅವರ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್’ ಬಂತು. ಅದರ ಒಂದು ಅಧ್ಯಾಯದ ಹೆಸರೇ ಸಾರ್ವತ್ರಿಕ ಮುಷ್ಕರ. ತೋಟ ಬಿಟ್ಟು ಉತ್ತರದ ಸೇನೆಯ ಕಡೆಗೆ ನಡೆದ ಸುಮಾರು ಐದು ಲಕ್ಷ ಜನ ಓಡಿಹೋದ ಆಳುಗಳಲ್ಲ, ಮುಷ್ಕರ ಹೂಡಿದ ಕಾರ್ಮಿಕರು ಅಂದರು. ದಕ್ಷಿಣದ ಹೊಟ್ಟೆಗೂ ಬಂದೂಕಿಗೂ ಆಧಾರವಾಗಿದ್ದ ದುಡಿಮೆಯನ್ನು ಅವರು ಎತ್ತಿಕೊಂಡು ಹೊರಟರು. ಹತ್ತಿ ಬಿಡಿಸುತ್ತಿದ್ದ ಕೈಗಳು ತಮ್ಮನ್ನು ಬಿಡಿಸಿಕೊಂಡವು. ಕೊನೆಯ ಅಧ್ಯಾಯದಲ್ಲಿ ಡುಬೊಯ್ಸ್ ಪಂಡಿತರ ಪುಸ್ತಕಗಳನ್ನು ಒಂದೊಂದಾಗಿ ಕಟಕಟೆಗೆ ಹತ್ತಿಸುತ್ತಾರೆ. ದೇಶದ ಪ್ರಮುಖ ಇತಿಹಾಸ ಪತ್ರಿಕೆ ಈ ಪುಸ್ತಕಕ್ಕೆ ಒಂದು ವಿಮರ್ಶೆಯನ್ನೂ ಹಾಕಲಿಲ್ಲ.

ನಮ್ಮವರು ಅಂತ ಡುಬೊಯ್ಸ್‌ಗೆ ರಿಯಾಯಿತಿ ಬೇಡ. ಅವರು ಮೂಲ ಕಡತಗಳಿಗಿಂತ ಅಚ್ಚಾದ ಪುಸ್ತಕಗಳ ಮೇಲೆ ಹೆಚ್ಚು ನಿಂತಿದ್ದಾರೆ. ಮುಷ್ಕರ ಎಂಬ ಪದಕ್ಕೆ ಒಂದು ಸಂಘಟನೆ, ಒಂದು ಕರೆ ಬೇಕು. ಇಲ್ಲಿ ಸಾವಿರ ಕಡೆ ಸಾವಿರ ರಾತ್ರಿ ಬೇರೆ ಬೇರೆಯಾಗಿ ತೆಗೆದುಕೊಂಡ ತೀರ್ಮಾನಗಳಿವೆ. ಕೂಸು ಎತ್ತಿಕೊಂಡು ಓಡಲಾಗದೆ ಉಳಿದ ಹೆಂಗಸರು ಆ ಪದದೊಳಗೆ ಪೂರ್ತಿ ಹಿಡಿಸುವುದಿಲ್ಲ. ಆದರೂ ಕರ್ತೃವನ್ನು ಬದಲಿಸಿದ್ದು ಅವರೇ. ಉಳಿದವರು ಮಾಡಿದ್ದು ಅವರು ತೆರೆದ ದಾರಿಯಲ್ಲಿ ಪುರಾವೆ ಹುಡುಕುವ ಕೆಲಸ.

ಆ ಪುರಾವೆ ಎಲ್ಲಿತ್ತು? ವಾಷಿಂಗ್ಟನ್ನಿನ ಸರ್ಕಾರಿ ದಾಖಲೆ ಭಂಡಾರದಲ್ಲಿ, ಪೆಟ್ಟಿಗೆಗಳಲ್ಲಿ. 1976ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಐರಾ ಬರ್ಲಿನ್ ಮತ್ತು ಸಂಗಡಿಗರು ಆ ಪೆಟ್ಟಿಗೆ ಬಿಚ್ಚಲು ಕೂತರು. 1982ರಿಂದ ‘ಫ್ರೀಡಂ’ ಎಂಬ ಸಂಪುಟಗಳು ಬರತೊಡಗಿದವು. ಅದರಲ್ಲಿ ಜೋಸೆಫ್ ಮಿಲ್ಲರ್ ಎಂಬ ಸೈನಿಕನ ಹೇಳಿಕೆ ಇದೆ. ಕೆಂಟಕಿಯ ನೆಲ್ಸನ್ ಶಿಬಿರದಲ್ಲಿ ಸೇನೆಗೆ ಸೇರುವಾಗ ಹೆಂಡತಿ ಮಕ್ಕಳನ್ನೂ ಕರೆತಂದಿದ್ದ, ಬಿಟ್ಟುಬಂದರೆ ಒಡೆಯ ಬಿಡುತ್ತಿರಲಿಲ್ಲ. 1864ರ ನವೆಂಬರ್‌ನಲ್ಲಿ, ಕೊರೆಯುವ ಚಳಿಯಲ್ಲಿ, ಸೇನೆಯವರೇ ಹೆಂಗಸರು ಮಕ್ಕಳನ್ನು ಗಾಡಿಗೆ ತುಂಬಿ ಶಿಬಿರದಿಂದ ಹೊರಹಾಕಿದರು. ಮಿಲ್ಲರ್‌ನ ಮಗನಿಗೆ ಆಗ ಕಾಯಿಲೆ. ರಾತ್ರಿ ನಡೆದುಹೋಗಿ ಹುಡುಕಿದರೆ ಮಗ ಸತ್ತಿದ್ದ. ಮರುದಿನ ಮತ್ತೆ ಹೋಗಿ ತಾನೇ ಗುಂಡಿ ತೋಡಿ ಹೂತು ಶಿಬಿರಕ್ಕೆ ವಾಪಸು ಬಂದ. ಹೇಳಿಕೆಯ ಕೆಳಗೆ ಸಹಿ ಇಲ್ಲ, ಅಕ್ಷರ ಬಾರದವನ ಗೀಟಿನ ಗುರುತು. ನಮ್ಮ ಕಡೆ ಹೆಬ್ಬೆಟ್ಟು ಒತ್ತುತ್ತಾರಲ್ಲ, ಹಾಗೆ. ಇಂಥ ಹೇಳಿಕೆಗಳು ಹೊರಬಿದ್ದು ಗದ್ದಲವಾಗಿ, 1865ರ ಮಾರ್ಚ್‌ನಲ್ಲಿ ಕಪ್ಪು ಸೈನಿಕರ ಹೆಂಡತಿ ಮಕ್ಕಳನ್ನು ಬಿಡುಗಡೆ ಮಾಡುವ ಕಾನೂನು ಬಂತು. ಆ ಕಾನೂನಿನ ಕರ್ತೃ ಕಾಂಗ್ರೆಸ್ಸಾ, ಮಿಲ್ಲರನಾ? ಫುಟ್‌ನ ಮೂರು ಸಾವಿರ ಪುಟದ ಪಕ್ಕದಲ್ಲಿ ಈ ಹೆಬ್ಬೆಟ್ಟಿನ ಹಾಳೆ ಇಟ್ಟು ತೂಗಿ ನೋಡಿ.

5

ಇದರ ಮೇಲೆ ಒಳ್ಳೆಯ ಜಗಳವೊಂದು ಎದ್ದಿತು. ಜೇಮ್ಸ್ ಮೆಕ್‌ಫರ್ಸನ್ ಸಣ್ಣ ಮನುಷ್ಯನಲ್ಲ. 1965ರಲ್ಲೇ ಕಪ್ಪು ಜನರ ಯುದ್ಧದ ಮೇಲೆ ಪುಸ್ತಕ ತಂದವನು. ಅವನ ‘ಬ್ಯಾಟಲ್ ಕ್ರೈ ಆಫ್ ಫ್ರೀಡಂ’ (1988) ಒಂದೇ ಸಂಪುಟದಲ್ಲಿ ಓದಬೇಕೆಂದರೆ ಇವತ್ತಿಗೂ ಒಳ್ಳೆಯದು. ಯುದ್ಧದ ಬೇರು ಗುಲಾಮಗಿರಿ ಅನ್ನುವುದನ್ನು ಅನುಮಾನಕ್ಕೆಡೆ ಇಲ್ಲದೆ ಹೇಳುತ್ತದೆ. ಆದರೆ ಗುಲಾಮರು ತಮ್ಮನ್ನು ತಾವೇ ಬಿಡಿಸಿಕೊಂಡರು ಅನ್ನುವ ಬರ್ಲಿನ್, ಫೀಲ್ಡ್ಸ್ ಅವರ ವಾದವನ್ನು ಅವನು ಒಪ್ಪಲಿಲ್ಲ. ಲಿಂಕನ್ ಹಟ ಹಿಡಿಯದಿದ್ದರೆ ಯುದ್ಧವಿಲ್ಲ, ಸೇನೆ ಗೆಲ್ಲದಿದ್ದರೆ ಬಿಡುಗಡೆಯಿಲ್ಲ, ಬರೀ ಓಟದಿಂದ 40 ಲಕ್ಷ ಜನ ಮುಕ್ತರಾಗಲಾರರು ಅಂದ.

ಈ ಮಾತಿನಲ್ಲಿ ಸತ್ಯ ಇದೆ. ಸೇನೆ ಬಾರದ ಊರುಗಳಲ್ಲಿ ಸಂಕೋಲೆ ಹಾಗೇ ಇತ್ತು. ಆದರೆ ಕ್ರಮ ನೋಡಿ. 1861ರ ಮೇ ತಿಂಗಳಲ್ಲಿ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ರಾತ್ರಿ ದೋಣಿ ಹತ್ತಿ ವರ್ಜೀನಿಯಾದ ಮನ್ರೋ ಕೋಟೆಗೆ ಬಂದರು. ಆಗ ಲಿಂಕನ್ ಗುಲಾಮಗಿರಿಯನ್ನು ಮುಟ್ಟುವ ಮಾತಾಡುತ್ತಿರಲಿಲ್ಲ. ಜನರಲ್ ಬಟ್ಲರ್ ಅವರನ್ನು ಶತ್ರುವಿನ ಸರಕು ಎಂಬ ನೆವ ಹೇಳಿ ಇಟ್ಟುಕೊಂಡ. ಹಿಂದೆಯೇ ಜನ ಗುಂಪು ಗುಂಪಾಗಿ ಬಂದರು. ಆಗಸ್ಟ್‌ನಲ್ಲಿ ಕಾಂಗ್ರೆಸ್ ಕಾಯ್ದೆ ಮಾಡಿತು. ಲಿಂಕನ್ನನ ಘೋಷಣೆ ಬಂದದ್ದು 1863ರ ಜನವರಿ 1ಕ್ಕೆ, ಅದೂ ಬಂಡುಕೋರ ಪ್ರದೇಶಗಳಿಗೆ ಮಾತ್ರ. ಕಾಲು ಮುಂದೆ, ಕಾನೂನು ಹಿಂದೆ. 1864ರ ಆಗಸ್ಟ್‌ನಲ್ಲಿ ಲಿಂಕನ್ನನೇ ಹೇಳಿದ, ಕಪ್ಪು ಸೈನಿಕರನ್ನು ಕೈಬಿಟ್ಟರೆ ಮೂರು ವಾರದಲ್ಲಿ ಯುದ್ಧ ಕೈಬಿಡಬೇಕಾಗುತ್ತದೆ ಅಂತ. ಗೆದ್ದದ್ದು ಸೇನೆ ಅನ್ನುತ್ತಾನೆ ಮೆಕ್‌ಫರ್ಸನ್. ಸರಿ, ಆ ಸೇನೆಯಲ್ಲಿ ಯಾರಿದ್ದರು?

ಇನ್ನೊಂದು ವಿಷಯ, ಪುಸ್ತಕ ಎಲ್ಲಿ ಮುಗಿಯುತ್ತದೆ ಅನ್ನೋದು. ಬ್ರೂಸ್ ಕ್ಯಾಟನ್ ಬರೆದ ಪ್ರಸಿದ್ಧ ಪುಸ್ತಕ (1953) ಆಪೊಮ್ಯಾಟಕ್ಸ್‌ನ ಮೌನದಲ್ಲಿ ಮುಗಿಯುತ್ತದೆ. ಮೆಕ್‌ಫರ್ಸನ್ ಕೂಡ 1865ರಲ್ಲೇ ನಿಲ್ಲುತ್ತಾನೆ. ಕತ್ತಿ ಒಪ್ಪಿಸಿದರು, ಕೈಕುಲುಕಿದರು, ಪರದೆ ಬಿತ್ತು. ಆದರೆ 1865ರ ಜನವರಿ 12ರಂದು ಸವಾನಾದಲ್ಲಿ ಇಪ್ಪತ್ತು ಜನ ಕಪ್ಪು ಪಾದ್ರಿಗಳನ್ನು ಜನರಲ್ ಶರ್ಮನ್ ಕರೆದು ನಿಮಗೇನು ಬೇಕು ಅಂತ ಕೇಳಿದಾಗ, ಅವರ ಹಿರಿಯ ಗ್ಯಾರಿಸನ್ ಫ್ರೇಜಿಯರ್ ಕೇಳಿದ್ದು ಭೂಮಿ. ನಾಲ್ಕು ದಿನಕ್ಕೆ ಆಜ್ಞೆ ಹೊರಟಿತು, ಕುಟುಂಬಕ್ಕೆ ಹೆಚ್ಚೆಂದರೆ 40 ಎಕರೆ. ಸುಮಾರು 40,000 ಜನ ಆ ಕರಾವಳಿಯಲ್ಲಿ ಉತ್ತರು, ಬಿತ್ತಿದರು. ಅದೇ ವರ್ಷ ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಭೂಮಿಯನ್ನು ಹಳೆಯ ಒಡೆಯರಿಗೆ ವಾಪಸು ಕೊಡಿಸಿದ. ಎಡಿಸ್ಟೋ ದ್ವೀಪದ ಜನ ಅಧ್ಯಕ್ಷನಿಗೆ ಅರ್ಜಿ ಬರೆದರು. ಫಲವಾಗಲಿಲ್ಲ. 1865ರ ಏಪ್ರಿಲ್‌ನಲ್ಲಿ ಪುಸ್ತಕ ಮುಚ್ಚುವವನಿಗೆ ಈ ಅರ್ಜಿ ಕಾಣುವುದಿಲ್ಲ. ಎರಿಕ್ ಫೋನರ್ 1988ರಲ್ಲಿ ಪುನರ್ರಚನೆಯ ದೊಡ್ಡ ಇತಿಹಾಸ ಬರೆದಾಗ 1863ರಿಂದ ಶುರುಮಾಡಿ 1877ಕ್ಕೆ ತಂದ. ಯುದ್ಧವನ್ನೂ ಭೂಮಿಯನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಅದರ ದೊಡ್ಡಸ್ತಿಕೆ.

6

ಈ ಯುದ್ಧದ ಜೊತೆ ನಮಗೆ ನಂಟಿದೆ. ಅಮೆರಿಕದ ಹತ್ತಿ ನಿಂತಾಗ ಲ್ಯಾಂಕಶೈರಿನ ಗಿರಣಿಗಳು ಧಾರವಾಡ, ಗದಗದ ಎರೆಹೊಲದ ಕಡೆ ನೋಡಿದವು. ದರ ಏರಿತು, 1865ರಲ್ಲಿ ಬೊಂಬಾಯಿಯ ಪೇಟೆ ಕುಸಿಯಿತು. ಸ್ವೆನ್ ಬೆಕರ್ಟ್ 2014ರಲ್ಲಿ ಹತ್ತಿಯ ಸಾಮ್ರಾಜ್ಯದ ಇತಿಹಾಸ ಬರೆದು ಈ ದಾರಗಳನ್ನು ಜೋಡಿಸಿದ್ದಾನೆ. 1873ರಲ್ಲಿ ಜ್ಯೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ಯನ್ನು ನೀಗ್ರೋ ಗುಲಾಮರ ವಿಮೋಚನೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಆ ಅರ್ಪಣೆ ಇಲ್ಲಿನ ಮೇಲ್ಜಾತಿಯ ಮುಖಕ್ಕೆ ಹಿಡಿದ ಕನ್ನಡಿ. ಆದರೆ ಅದೇ 1873ರ ಏಪ್ರಿಲ್‌ನಲ್ಲಿ ಲೂಸಿಯಾನಾದ ಕೋಲ್‌ಫ್ಯಾಕ್ಸ್‌ನಲ್ಲಿ ಮತದ ಹಕ್ಕು ಕಾಯಲು ನಿಂತ ಹತ್ತಾರು ಕಪ್ಪು ಜನರನ್ನು ಬಿಳಿಯರು ಕೊಂದಿದ್ದರು, ಶರಣಾದವರನ್ನೂ ಬಿಡದೆ. ಆ ಊರಿನಲ್ಲಿ ಆಮೇಲೆ ನಿಲ್ಲಿಸಿದ ಫಲಕ ಕೊಲೆಯನ್ನು ದುರಾಡಳಿತದ ಅಂತ್ಯ ಅಂತ ಹೊಗಳಿತ್ತು. ಅದನ್ನು ಕಿತ್ತದ್ದು 2021ರಲ್ಲಿ. ಸಜ್ಜನರ ದೇಶದ ಈ ಸುದ್ದಿ ಪುಣೆಗೆ ಮುಟ್ಟುವಂಥ ಪುಸ್ತಕಗಳು ಆಗ ಇರಲಿಲ್ಲ. 1946ರಲ್ಲಿ ಅಂಬೇಡ್ಕರ್ ಪತ್ರ ಬರೆದದ್ದು ಬಿಡಿಸಿದ ಸಜ್ಜನರಿಗಲ್ಲ, ಡುಬೊಯ್ಸ್‌ಗೆ. ವಿಶ್ವಸಂಸ್ಥೆಗೆ ನೀಗ್ರೋಗಳು ಸಲ್ಲಿಸಿದ ಮನವಿಯ ಪ್ರತಿ ಬೇಕು ಅಂತ. ಫುಲೆಯಿಂದ ಅಂಬೇಡ್ಕರ್ ತನಕ, ನಾವು ಪತ್ರ ಬರೆಯುವ ವಿಳಾಸ ಬದಲಾಯಿತು.

ಗೆಳೆಯರೇ, ಶಾಲೆಯಲ್ಲಿ ಪಾಠ ಮಾಡುವವರಿಗೆ ಒಂದು ಕೆಲಸ ಹೇಳಿ ನಿಲ್ಲಿಸುತ್ತೇನೆ. ಪಠ್ಯದಲ್ಲಿ ಲಿಂಕನ್ ಪಾಠ ಬಂದ ದಿನ ‘ಗುಲಾಮರನ್ನು ಬಿಡಿಸಿದ’ ಅನ್ನುವ ವಾಕ್ಯವನ್ನು ಹಲಗೆಯ ಮೇಲೆ ಬರೆಯಿರಿ. ಕರ್ತೃ ಯಾರು ಅಂತ ಮಕ್ಕಳನ್ನು ಕೇಳಿ. ಆಮೇಲೆ ದೋಣಿ ಹತ್ತಿದ ಆ ಮೂವರ ಹೆಸರು ಬರೆಯಿರಿ. ಬೇಕರ್, ಮ್ಯಾಲರಿ, ಟೌನ್‌ಸೆಂಡ್. ವಾಕ್ಯವನ್ನು ಮತ್ತೆ ಬರೆಯೋದಕ್ಕೆ ಹೇಳಿ. ಅದೇ ಗೇಣುಕೋಲು ಹಿಡಿದು ಪುಸ್ತಕದ ಬೇರೆ ಪಾಠಗಳಿಗೂ ಮಕ್ಕಳು ತಾವಾಗೇ ಹೋಗುತ್ತಾರೆ. ಹೋಗಲಿ, ತಡೆಯಬೇಡಿ.